ನಾಲ್ಕು ನಿಮಿಷಕ್ಕಾಗಿ ಎಷ್ಟು ವೋಲ್ಟ್?

ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2011ರ ಜನವರಿಯಲ್ಲಿ. ಹಾಸನದ ಸಾಲಗಾಮೆ ರಸ್ತೆಯಲ್ಲಿ ವಿಡಿಯೊ ಸ್ಟುಡಿಯೊ ನಡೆಸುವ, ನನಗಿಂತ ಕಿರಿಯನಾದ ಗೆಳೆಯನೊಬ್ಬ ಅದನ್ನು ಇನ್ನೂ ಬಳಸುತ್ತಿದ್ದಾನೆ. ಹೊಸ ಕಂಪ್ಯೂಟರಿಗೆ ಈ ವರ್ಷ ಹಣ ಹಾಕಲು ಅವನಿಗೆ ಮನಸ್ಸಿರಲಿಲ್ಲ. ಗುಣಕದ (ವೇಗ ನಿರ್ಧರಿಸುವ ಸಂಖ್ಯೆಯ) ಬೀಗ ತೆರೆದಿರುವ ಪ್ರೊಸೆಸರ್, ಅದಕ್ಕೆ ಹೊಂದುವ ಜೆಡ್68 ಮದರ್‌ಬೋರ್ಡ್, ತಾಮ್ರದ ಕೊಳವೆಗಳ ಎತ್ತರದ ಕೂಲರ್ ಎಲ್ಲವೂ ಇದ್ದುದರಿಂದ, ಮದುವೆಗಳ ಕೆಲಸ ಮೇಲೆ ಬೀಳುವ ಮೊದಲು ಇದನ್ನು ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡುವಂತೆ, ಮಾಡಿಕೊಡಬೇಕೆಂದು ಕೇಳಿಕೊಂಡ. ಏಪ್ರಿಲ್ ತಿಂಗಳ ಒಂದು ಭಾನುವಾರ ಇಡೀ ದಿನ ನಾನು ಆ ಸ್ಟುಡಿಯೊದಲ್ಲಿಯೇ ಇದ್ದೆ.

ವೇಗ ಹೆಚ್ಚಿಸುವುದು ಕಷ್ಟದ ಕೆಲಸವೇನಲ್ಲ. ಈ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಮೂಲ ಗಡಿಯಾರ 100 ಮೆಗಾಹರ್ಟ್ಸ್. ಅದನ್ನು 33ರಿಂದ ಗುಣಿಸಿದರೆ 3.3 ಗಿಗಾಹರ್ಟ್ಸ್. ಮೂಲ ಗಡಿಯಾರವನ್ನು ಮುಟ್ಟುವಂತಿಲ್ಲ, ಏಕೆಂದರೆ ಗ್ರಾಫಿಕ್ಸ್ ಕಾರ್ಡ್, ಹಾರ್ಡ್‌ಡಿಸ್ಕ್‌ಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಮುಂತಾದವೂ ಅದಕ್ಕೇ ಕಟ್ಟುಬಿದ್ದಿರುವುದರಿಂದ ಅದು ಕೆಲವು ಶೇಕಡಾದಷ್ಟು ಏರಿದರೂ ಹಾರ್ಡ್‌ಡಿಸ್ಕ್ ತಕರಾರು ತೆಗೆಯಬಹುದು. ಗುಣಕವನ್ನು 45 ಮಾಡಿ ಉಳಿಸಿದರೆ ಪರದೆಯ ಮೇಲೆ 4.5 ಗಿಗಾಹರ್ಟ್ಸ್ ಎಂದು ಕಾಣುತ್ತದೆ, ವಿಂಡೋಸ್ ತೆರೆದುಕೊಳ್ಳುತ್ತದೆ, ನೋಡುವವರಿಗೆ ಸಂತೋಷವೂ ಆಗುತ್ತದೆ. ಯಂತ್ರ ಮಾಡುತ್ತಿರುವ ಲೆಕ್ಕ ಸರಿಯಾಗಿದೆಯೇ ಎಂಬುದು ಮಾತ್ರ ಅಲ್ಲಿ ಕಾಣುವುದಿಲ್ಲ.

4.5 ಗಿಗಾಹರ್ಟ್ಸ್‌ನಲ್ಲಿ ಗಡಿಯಾರದ ಒಂದು ಮಿಡಿತಕ್ಕೆ ಸಿಗುವ ಸಮಯ ಸುಮಾರು 0.22 ನ್ಯಾನೊಸೆಕೆಂಡ್, ಅಷ್ಟರಲ್ಲಿ ಬೆಳಕು ಕೂಡ ಏಳು ಸೆಂಟಿಮೀಟರ್ ದಾಟುವುದಿಲ್ಲ. ಟ್ರಾನ್ಸಿಸ್ಟರುಗಳ ಸರಪಳಿಯೊಂದು ಆ ಅವಧಿಯೊಳಗೆ ತನ್ನ ಉತ್ತರವನ್ನು ಸಿದ್ಧಪಡಿಸದಿದ್ದರೆ ಮುಂದಿನ ಮಿಡಿತವು ಅರೆಬರೆ ಉತ್ತರವನ್ನೇ ಎತ್ತಿಕೊಂಡು ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರುಗಳು ಚುರುಕಾಗುತ್ತವೆ. ಆದರೆ ಅವು ಸೆಳೆಯುವ ವಿದ್ಯುತ್ತು ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಹೆಚ್ಚುತ್ತದೆ. ಅಂದು ನಾವು ಎದುರಿಸಿದ ಎಲ್ಲ ಪ್ರಶ್ನೆಗಳೂ ಈ ವರ್ಗದ ಸುತ್ತಲೇ ಇದ್ದವು.

ಪ್ರೊಸೆಸರನ್ನು ಮುಟ್ಟುವ ಮೊದಲು ರ್‍ಯಾಮ್ ಪರೀಕ್ಷಿಸಿದೆವು. ಅವನ ಡಿಡಿಆರ್3 ರ್‍ಯಾಮ್ ಎಕ್ಸ್‌ಎಂಪಿ (ತಯಾರಕರು ಅದರಲ್ಲೇ ಬರೆದಿಟ್ಟ ವೇಗದ ಹೊಂದಾಣಿಕೆ) ಮೂಲಕ 1600ರ ವೇಗದಲ್ಲಿ ಓಡುತ್ತಿತ್ತು. ಈ ಪ್ರೊಸೆಸರಿಗೆ ಇಂಟೆಲ್ ಹೇಳಿರುವ ಮಿತಿ 1333. ಅಂದರೆ ಗೆಳೆಯನಿಗೆ ತಿಳಿಯದೆಯೇ ಒಂದು ಬಗೆಯ ಓವರ್‌ಕ್ಲಾಕ್ ಆಗಲೇ ನಡೆದಿತ್ತು. ಮೆಮೊರಿ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಯಾವ ದೋಷವನ್ನೂ ತೋರಿಸಲಿಲ್ಲವಾದ್ದರಿಂದ, ಮುಂದೆ ತಪ್ಪು ಕಂಡರೆ ಪ್ರೊಸೆಸರನ್ನೇ ಅನುಮಾನಿಸಬಹುದೆಂಬ ಧೈರ್ಯ ಬಂತು.

ಆಮೇಲೆ ಪ್ರೈಮ್95. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಯೋಜನೆಯ ತಂತ್ರಾಂಶ ಅದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನ ಕೈಯಲ್ಲಿ ಮಾಡಿಸಿ ತಾಳೆ ನೋಡುವುದರಿಂದ ಓವರ್‌ಕ್ಲಾಕ್ ಮಾಡುವವರಿಗೆ ಅದೇ ಒರೆಗಲ್ಲಾಗಿದೆ. 4.5 ಗಿಗಾಹರ್ಟ್ಸ್, 1.30 ವೋಲ್ಟ್ ಇಟ್ಟಾಗ ಮುಕ್ಕಾಲು ಗಂಟೆಯ ಹತ್ತಿರ ಎಲ್ಲವೂ ಸುಗಮವಾಗಿತ್ತು. ನಂತರ ನಾಲ್ಕು ಕೋರ್‌ಗಳಲ್ಲಿ ಒಂದರ ಪರೀಕ್ಷೆ, 0.4ಕ್ಕಿಂತ ಕಡಿಮೆಯಿರಬೇಕಾದ ಪೂರ್ಣಾಂಕನ ದೋಷ (ಉತ್ತರವು ಹತ್ತಿರದ ಪೂರ್ಣಾಂಕದಿಂದ ಎಷ್ಟು ದೂರವಿದೆ ಎಂಬ ಅಳತೆ) 0.5 ಆಗಿದೆ ಎಂದು ತಿಳಿಸಿ ನಿಂತುಹೋಯಿತು. ಉಳಿದ ಮೂರು ಓಡುತ್ತಲೇ ಇದ್ದವು. ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬರಲಿಲ್ಲ, ಮೌಸ್ ತಡವರಿಸಲಿಲ್ಲ, ಗೆಳೆಯ ಬ್ರೌಸರಿನಲ್ಲಿ ಏನನ್ನೋ ನೋಡುತ್ತಲೇ ಇದ್ದ. ನನ್ನನ್ನು ಕೇಳಿದರೆ ನೀಲಿ ಪರದೆ ಸಭ್ಯ ವೈಫಲ್ಯ. 0x124 ಎಂಬ ದೋಷಸಂಖ್ಯೆ ಹೇಳಿಯಾದರೂ ನಿಲ್ಲುತ್ತದೆ. ಏನೂ ಹೇಳದೆ ತಪ್ಪು ಲೆಕ್ಕ ಬರೆದುಕೊಂಡು ಹೋಗುವ ಯಂತ್ರವು ಧಾರೆಯ ದೃಶ್ಯದ ನಡುವೆ ಹಸಿರು ಚೌಕಗಳನ್ನು ಮೂಡಿಸಿದರೆ ಅದು ಮೊದಲು ಕಾಣುವುದು ಮದುಮಗಳ ತಂದೆಗೆ.

1.34 ವೋಲ್ಟ್‌ಗೆ ಏರಿಸಿದ ಮೇಲೆ ಪರೀಕ್ಷೆ ನಿಲ್ಲಲಿಲ್ಲ, ಆದರೆ ಉಷ್ಣತೆ 84 ಡಿಗ್ರಿ ತಲುಪಿತು. ಹಾಸನ ಎತ್ತರದ ಊರು, ತಂಪಾದ ಊರು ಎಂಬ ಮಾತು ಏಪ್ರಿಲ್ ಮಧ್ಯಾಹ್ನದ ಶೀಟ್ ಮನೆಯೊಳಗೆ ನಡೆಯುವುದಿಲ್ಲ; ಕೋಣೆಯಲ್ಲಿ 32 ಡಿಗ್ರಿ ಇತ್ತು. ಕೂಲರ್ ಎಷ್ಟೇ ಒಳ್ಳೆಯದಾದರೂ ಅದು ಕೋಣೆಯ ಉಷ್ಣತೆಯಿಂದ ಮೇಲಕ್ಕಷ್ಟೇ ಲೆಕ್ಕ ಹಾಕುತ್ತದೆ. ಇದೇ ಹೊಂದಾಣಿಕೆ ಡಿಸೆಂಬರಿನ ಬೆಳಿಗ್ಗೆ 70ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಇನ್ನೊಂದು ತೊಡಕು ಭಾರ ಇಳಿದಾಗಿನದು. ಪ್ರೊಸೆಸರಿನ ಮೇಲೆ ಕೆಲಸ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ. ಅದನ್ನು ತಡೆಯುವ ಲೋಡ್‌ಲೈನ್ ಹೊಂದಾಣಿಕೆಯನ್ನು ಅತಿಯಾಗಿ ಬಿಗಿಗೊಳಿಸಿದರೆ, ಕೆಲಸ ಮುಗಿದ ಕ್ಷಣದಲ್ಲಿ ವೋಲ್ಟೇಜ್ ಬೇಕಾದುದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಪರದೆಯ ಮೇಲಿನ ಅಂಕಿ ಅಲುಗಾಡದೆ ನಿಲ್ಲಲಿ ಎಂಬ ಆಸೆಯಿಂದ ಅದನ್ನು ತುದಿಗೆ ಒಯ್ಯುವವರಿದ್ದಾರೆ. ನಾನು ಅದನ್ನು ನಡುವಿನ ಹಂತದಲ್ಲಿಯೇ ಇಟ್ಟೆ.

ಗುಣಕವನ್ನು 43ಕ್ಕೆ ಇಳಿಸಿದಾಗ 1.26 ವೋಲ್ಟ್ ಸಾಕಾಯಿತು. ಗೆಳೆಯನ ಮುಖ ಚಿಕ್ಕದಾಯಿತು. “ಅಣ್ಣಾ, ಎಲ್ರೂ ನಾಕೂವರೆಗೆ ಓಡಿಸ್ತಾರೆ, ನಮ್ದ್ಯಾಕೆ ಬೇಡ?” ಎಂದ. ಕಾಗದ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದೆ. ಅವನ ಬೋರ್ಡಿನಲ್ಲಿ ಮೂಲ ವೋಲ್ಟೇಜ್ ಸುಮಾರು 1.2. 3.3 ಗಿಗಾಹರ್ಟ್ಸ್‌ಗೆ ಹೋಲಿಸಿದರೆ 4.3ರಲ್ಲಿ ಶಾಖ ಸುಮಾರು 1.44 ಪಟ್ಟು, 4.5ರಲ್ಲಿ 1.7 ಪಟ್ಟು. ಕೊನೆಯ 200 ಮೆಗಾಹರ್ಟ್ಸ್ ತರುವ ವೇಗ ಶೇ. 5ನ್ನೂ ಮುಟ್ಟುವುದಿಲ್ಲ, ತರುವ ಶಾಖ ಶೇ. 18. ನಾಲ್ಕೂ ಕೋರ್‌ಗಳು ದುಡಿಯುವಾಗ ಮೊದಲಿನ ಟರ್ಬೊ (ಪ್ರೊಸೆಸರ್ ತಾನಾಗಿಯೇ ಏರಿಸಿಕೊಳ್ಳುವ) ವೇಗ 3.4 ಗಿಗಾಹರ್ಟ್ಸ್, ಆಗ ನೂರು ನಿಮಿಷ ಹಿಡಿಯುತ್ತಿದ್ದ ಮದುವೆ ವಿಡಿಯೊದ ರೆಂಡರ್ (ಅಂತಿಮ ಫೈಲ್ ಸಿದ್ಧಪಡಿಸುವ ಕೆಲಸ) 4.3ರಲ್ಲಿ ಎಂಬತ್ತು ನಿಮಿಷದೊಳಗೆ ಮುಗಿಯಿತು. 4.5ಕ್ಕೆ ಹೋದರೆ ಉಳಿಯುವುದು ಮತ್ತೆ ನಾಲ್ಕು ನಿಮಿಷ. ಅವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಟೀ ತರಿಸಿದ.

ಸಂಜೆ ಅವನ ಕೆಲಸದ್ದೇ ಒಂದು ಪರೀಕ್ಷೆ ಮಾಡಿದೆವು. ಮದುವೆಯ ಫೋಟೊಗಳ ದೊಡ್ಡ ಫೋಲ್ಡರೊಂದನ್ನು ಸೆವೆನ್-ಜಿಪ್‌ನಲ್ಲಿ ಕುಗ್ಗಿಸಿ, ಮತ್ತೆ ಬಿಚ್ಚಿ, ಪ್ರತಿಯೊಂದು ಫೈಲಿನ ಹ್ಯಾಶನ್ನು (ಅದರ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತುಸಂಖ್ಯೆಯನ್ನು) ಮೂಲದೊಂದಿಗೆ ಹೋಲಿಸಿದೆವು, ಒಂದೂ ಬದಲಾಗಿರಲಿಲ್ಲ. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಯಂತ್ರಾಂಶ ದೋಷದ) ಎಚ್ಚರಿಕೆಗಳಿವೆಯೇ ಎಂದು ನೋಡುವುದನ್ನು ಅವನಿಗೆ ಹೇಳಿಕೊಟ್ಟೆ, ಏಕೆಂದರೆ ಪ್ರೊಸೆಸರ್ ತಾನೇ ಸರಿಪಡಿಸಿಕೊಂಡ ತಪ್ಪುಗಳು, ಬಳಸುವವರಿಗೆ ಬೇರೆಲ್ಲೂ ಕಾಣದಿದ್ದರೂ, ಅಲ್ಲಿ ದಾಖಲಾಗುತ್ತವೆ. ಅಂಥ ಒಂದು ಸಾಲು ಕಂಡರೂ ವೋಲ್ಟೇಜ್ ಏರಿಸದೆ ಗುಣಕವನ್ನು 42ಕ್ಕೆ ಇಳಿಸಬೇಕೆಂದು ಒಪ್ಪಿಕೊಂಡಿದ್ದಾನೆ. ಚಳಿಗಾಲದಲ್ಲಿ 44 ನೋಡೋಣವೇ ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.