ಶುಗರ್ ಮಾತ್ರೆ, ಜೋಮು ಹಿಡಿದ ಕಾಲು ಮತ್ತು ನಮ್ಮೂರ ಮೆಡಿಕಲ್ ಸ್ಟೋರ್

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಹುಟ್ಟಿ ಬೆಳೆದದ್ದು ಮಂಡ್ಯ, ಬಿ.ಫಾರ್ಮ ಓದಿದ್ದು ಮೈಸೂರು. ಇಲ್ಲಿ ಕೌಂಟರಿಗೆ ಬರುವವರಲ್ಲಿ ಭಾರತದ ಮೂಲದವರೇ ಜಾಸ್ತಿ. ಅವರು ಹೇಳುವುದೂ ನಮ್ಮೂರಲ್ಲಿ ಕೇಳುವ ಮಾತೇ. ಸುಸ್ತು, ಮೈಕೈ ನೋವು, ಕಾಲು ಜೋಮು. "ಯಾವುದಾದರೂ ಶಕ್ತಿ ಮಾತ್ರೆ ಕೊಡಿ" ಅನ್ನುತ್ತಾರೆ.

ಮಾತ್ರೆ ಕೊಡುವ ಮುಂಚೆ ನಾವು ಕೇಳುತ್ತೇವೆ: ಈಗ ಏನೇನು ಮಾತ್ರೆ ತಗೊಳ್ತಿದ್ದೀರಿ, ಎಷ್ಟು ವರ್ಷದಿಂದ?

ಹೋದ ಚಳಿಗಾಲದಲ್ಲಿ ಹಿರಿಯರೊಬ್ಬರು ಬಂದಿದ್ದರು. ಸಸ್ಯಾಹಾರಿ. ಶುಗರ್‌ಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್, ಜೊತೆಗೆ ಗ್ಯಾಸ್‌ಗೆ ಒಮೆಪ್ರಜೋಲ್. ಮನೆಯೊಳಗೆ ಓಡಾಡುವಾಗ ಚಪ್ಪಲಿ ಕಾಲಿನಿಂದ ಕಳಚಿಕೊಂಡರೂ ಗೊತ್ತಾಗಲ್ಲ ಅಂದರು. ಹಿಂತಿರುಗಿ ನೋಡಿದರೆ ಅದು ನಡುಮನೆಯಲ್ಲಿ ಬಿದ್ದಿರುತ್ತಂತೆ. ಶುಗರ್ ಇದ್ದ ಮೇಲೆ ಇದೆಲ್ಲ ಇದ್ದದ್ದೇ ಅಂತ ಅವರು ಸುಮ್ಮನಾಗಿದ್ದರು. ಪಕ್ಕದ ಚಿಕ್ಕ ಕೋಣೆಯಲ್ಲಿ ಕೂರಿಸಿ ಮಾತಾಡಿದೆ. ವಿಟಮಿನ್ ಬಿ12 ನೋಡಿಸಿ ಅಂತ ಅವರ ಡಾಕ್ಟರಿಗೆ ಬರೆದೆ. ರಕ್ತದಲ್ಲಿ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು. ಸುಸ್ತು ಹೋಗಿದೆ. ಜೋಮು ಪೂರ್ತಿ ಹೋಗಿಲ್ಲ.

ಆ ಪೂರ್ತಿ ಹೋಗದ ಜೋಮೇ ನನ್ನನ್ನು ಕಾಡುವುದು. ಬಿ12 ಕೊರತೆ ಬಹಳ ದಿನ ಹಾಗೇ ಉಳಿದರೆ ನರಗಳಿಗೆ ಆದ ಪೆಟ್ಟು ಶಾಶ್ವತವಾಗಬಹುದು. ಶುಗರ್‌ನಿಂದ ಆಗುವ ಜೋಮು, ಬಿ12 ಕೊರತೆಯ ಜೋಮು ಎರಡೂ ನೋಡಲು ಒಂದೇ ಥರ. ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಹತ್ತಕ್ಕೆ ಒಬ್ಬರವರೆಗೆ ಈ ಕೊರತೆ ಬರಬಹುದು ಅಂತ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

ಇದನ್ನು ಫೋನಿನಲ್ಲಿ ಹೇಳಿದಾಗ ಮಂಡ್ಯದ ಚಿಕ್ಕಪ್ಪ ಕೇಳಿದರು: "ನಾವು ಬಾಡು ತಿನ್ನೋರು ಕಣವ್ವ, ನಮ್ಗ್ಯಾಕೆ ಅದು ಕಮ್ಮಿ ಆಯ್ತದೆ?" ಒಳ್ಳೆಯ ಪ್ರಶ್ನೆ. ಬಿ12 ಇರುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ. ಆದರೆ ತಿಂದರೆ ಸಾಲದು, ಮೈಗೆ ಹತ್ತಬೇಕು. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್, ಕರುಳು ಬಿ12 ಹೀರಿಕೊಳ್ಳದಂತೆ ಅಡ್ಡಗಾಲು ಹಾಕುತ್ತದೆ. ಎರಡನ್ನೂ ವರ್ಷಗಟ್ಟಲೆ ನುಂಗುವ ಬಾಡೂಟದವರಿಗೂ ಕೊರತೆ ಬರಬಹುದು. ಹಾಗಂತ ಶುಗರ್ ಮಾತ್ರೆ ಬಿಡಬೇಡಿ, ದಯವಿಟ್ಟು. ನಮ್ಮ ಮುದ್ದೆಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಬಿ12 ಇಲ್ಲ. ವಿಟಮಿನ್ ಡಿ ಸಹ ಇಲ್ಲ.

ಡಿ ವಿಚಾರದಲ್ಲಿ ನನಗೆ ಬೇರೆಯೇ ಭಯ. ಇಲ್ಲಿ ಅಕ್ಟೋಬರಿನಿಂದ ಮಾರ್ಚ್ ಶುರುವಿನವರೆಗೆ ಬಿಸಿಲು ಬಿದ್ದರೂ ಮೈಯಲ್ಲಿ ವಿಟಮಿನ್ ಡಿ ಆಗುವಷ್ಟು ಕಸುವು ಅದಕ್ಕಿಲ್ಲ. ಹಾಗಾಗಿ ದಿನಕ್ಕೆ 400 ಯೂನಿಟ್ ತಗೊಳ್ಳಿ ಅನ್ನುತ್ತಾರೆ. ಡಾಕ್ಟರ್ ಹೇಳದೆ 4,000 ದಾಟಬೇಡಿ ಅಂತಲೂ ಹೇಳುತ್ತಾರೆ. ನಮ್ಮೂರಲ್ಲಿ ಬರೆಯುವ ಸ್ಯಾಶೆ 60,000 ಯೂನಿಟ್‌ನದು. ಅದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ಅದನ್ನೇ ದಿನಾ ಹಾಲಿಗೆ ಹಾಕಿ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಕಿಡ್ನಿಗೆ ತೊಂದರೆ ಎಲ್ಲ ಆಗಬಹುದು. ಕವರಿನ ಮೇಲೆ "ಭಾನುವಾರ ಮಾತ್ರ, 8 ವಾರ" ಅಂತ ಕನ್ನಡದಲ್ಲಿ ಪೆನ್ನಿನಿಂದ ಬರೆದುಕೊಟ್ಟರೆ ಇದು ತಪ್ಪುತ್ತದೆ. ಎಂಟು ವಾರವೋ ಇನ್ನೆಷ್ಟೋ, ಚೀಟಿಯಲ್ಲಿ ಇದ್ದದ್ದು. ಅರ್ಧ ನಿಮಿಷದ ಕೆಲಸ ಅಲ್ವಾ?

ಮಂಡ್ಯದ ನೂರಡಿ ರಸ್ತೆಯಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಅಂಗಡಿ ಇಟ್ಟಿರುವವರಿಗೆ ನನಗಿಂತ ದೊಡ್ಡ ಅನುಕೂಲವಿದೆ. ಶುಗರ್‌ಗೆ ಒಬ್ಬ ಡಾಕ್ಟರ್, ಗ್ಯಾಸ್‌ಗೆ ಇನ್ನೊಬ್ಬರು, ಥೈರಾಯ್ಡ್‌ಗೆ ಮತ್ತೊಬ್ಬರು. ಅಷ್ಟೂ ಚೀಟಿ ಕೊನೆಗೆ ಸೇರುವುದು ಒಂದೇ ಮೆಡಿಕಲ್ ಸ್ಟೋರಿನಲ್ಲಿ, ತಿಂಗಳು ತಿಂಗಳೂ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ ಅಂತ ಹೇಳಲು ಅವರಿಗಿಂತ ಸರಿಯಾದವರು ಯಾರಿದ್ದಾರೆ? ಕಾಯಿಲೆ ಇದೇ ಅಂತ ಅವರು ತೀರ್ಮಾನಿಸುವುದು ಬೇಡ. "ಕಾಲು ಜೋಮು ಹಿಡಿಯುತ್ತಾ ಅಣ್ಣ? ಬಿ12 ನೋಡಿಸಿದ್ದೀರಾ? ಡಾಕ್ಟರಿಗೆ ಹೇಳಿ" ಅಂದರೆ ಸಾಕು. ಸುಸ್ತು ಅಂದವರಿಗೆ ಫೋಲಿಕ್ ಆಸಿಡ್ (ಅದೂ ಒಂದು ಬಿ ವಿಟಮಿನ್) ಒಂದನ್ನೇ ಕೊಟ್ಟು ಕಳಿಸಬಾರದು. ಅದರಿಂದ ಬಿ12 ಕೊರತೆಯ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಹಾಳಾಗುವುದು ನಿಲ್ಲುವುದಿಲ್ಲ.

ಮನೆಯಲ್ಲಿ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವವರಿದ್ದರೆ, ಮುಂದಿನ ಸಲ ಮಾತ್ರೆ ತರಲು ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿ ಕೊಂಡೊಯ್ಯಿರಿ. ಸಂಜೆ ಏಳರ ನೂಕುನುಗ್ಗಲಿನಲ್ಲಿ ಬೇಡ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಬಿಲ್ಲಿಂಗ್ ಹುಡುಗನನ್ನಲ್ಲ, ಫಾರ್ಮಸಿಸ್ಟ್ ಯಾರು ಅಂತ ಕೇಳಿ ಅವರ ಹತ್ತಿರವೇ ಮಾತಾಡಿ. ಮತ್ತೆ, ರಕ್ತ ಕೊಡುವ ಮುಂಚೆಯೇ ಬಿ12 ಮಾತ್ರೆ ಶುರು ಮಾಡಬೇಡಿ. ಶುರು ಮಾಡಿದ್ದರೆ ಡಾಕ್ಟರಿಗೆ ತಿಳಿಸಿ. ಇಲ್ಲದಿದ್ದರೆ ರಿಪೋರ್ಟಿನಲ್ಲಿ ಎಲ್ಲ ಸರಿಯಿದೆ ಅಂತ ಬಂದು, ಕೊರತೆ ಕಣ್ಣಿಗೆ ಬೀಳದೇ ಹೋಗಬಹುದು.