ಆಳು ಬಿಡುವ ಮುಂಚೆ ಒಮ್ಮೆ ಮೇಲೆ ನೋಡಿ

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಯಾವ ಬ್ಲಾಕಿಗೆ ಎಷ್ಟು ಆಳು ಅಂತ ಹೇಳುವುದು ನನ್ನ ಕೆಲಸ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಆಗ ಹಣ್ಣಿಗಿಂತ ಮೊದಲು ನಾನು ನೋಡುವುದು ಹೆಜ್ಜೇನು ಕಟ್ಟಿದ ಮರಗಳ ಮೇಲಿನ ಆಕಾಶವನ್ನು. ಅಲ್ಲಿ ಜೇನಿನ ಎರಿ ಕಿತ್ತು ತಿನ್ನುವ ಜೇನುಗಿಡುಗ ಎಂಬ ಹಕ್ಕಿ ಸುತ್ತುತ್ತಿದ್ದರೆ ಅವತ್ತು ಆ ಬ್ಲಾಕಿಗೆ ಯಾರನ್ನೂ ಬಿಡುವುದಿಲ್ಲ.

ಹೆಜ್ಜೇನು ಸಾಮಾನ್ಯವಾಗಿ ತನ್ನ ಪಾಡಿಗೆ ತಾನಿರುತ್ತದೆ. ಗಿಡುಗ ಎರಿಗೆ ಬಾಯಿ ಹಾಕಿದ ಮೇಲೆ ಕಥೆಯೇ ಬೇರೆ. ಒಂದು ಹುಳ ಚುಚ್ಚಿದರೆ ಆ ಜಾಗದಿಂದ ಹೊರಡುವ ವಾಸನೆಗೆ ಉಳಿದವೂ ಅಲ್ಲಿಗೇ ನುಗ್ಗುತ್ತವೆ. ಹಕ್ಕಿ ಹಾರಿಹೋಗುತ್ತದೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಗಿಡಗಳ ಮಧ್ಯೆ ನಿಂತ ಹೆಂಗಸರು ಎಲ್ಲಿಗೆ ಓಡಬೇಕು?

ಗೋಣಿ ಮರದ ಮೇಲೆ ಗಿಡುಗ ತಿನ್ನುವುದನ್ನು ಬೈನಾಕ್ಯುಲರ್‌ನಲ್ಲಿ ನೋಡಿದ್ದೇನೆ. ರೆಕ್ಕೆ ಬಡಿಯುತ್ತಾ ಎರಿಗೆ ಜೋತುಬಿದ್ದು ಒಂದು ತುಂಡು ಕಿತ್ತು, ಪಕ್ಕದ ಸಿಲ್ವರ್ ಓಕ್‌ಗೆ ಹೋಗಿ ಕೂತಿತು. ತುಂಡನ್ನು ಕಾಲಲ್ಲಿ ಹಿಡಿದು ಒಂದೊಂದೇ ಬಿಳಿ ಮರಿಹುಳ ಹೆಕ್ಕಿತು. ಅದಕ್ಕೆ ತುಪ್ಪಕ್ಕಿಂತ ಮರಿಹುಳವೇ ಬೇಕು. ಮುಖದ ಸುತ್ತ ಹುಳ ಮುತ್ತಿದರೂ ಜಗ್ಗಲಿಲ್ಲ. ಕಣ್ಣು ಕೊಕ್ಕಿನ ನಡುವೆ ಮೀನಿನ ಹುರುಪೆಯಂತೆ ಗಟ್ಟಿ ಗರಿಗಳಿವೆ, ಕೊಂಡಿ ಸುಲಭಕ್ಕೆ ಇಳಿಯದು. ಮೂಗಿನ ಹೊಳ್ಳೆ ಬರೀ ಸೀಳು. ಉಗುರು ಬೇರೆ ಗಿಡುಗಗಳಷ್ಟು ಬಾಗಿಲ್ಲ, ಕೆದಕುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಂಥ ಹಕ್ಕಿ ಅಲ್ವಾ!

ಗುರುತು ಹಿಡಿಯಲು ಬಣ್ಣ ನಂಬಬೇಡಿ. ಒಂದು ಕಡುಕಂದು, ಇನ್ನೊಂದು ಹೊಟ್ಟೆಯೆಲ್ಲ ಬಿಳಿ. ಆಕಾರ ನೋಡಿ: ಪುಟ್ಟ ತಲೆ, ಮುಂದಕ್ಕೆ ಚಾಚಿದ ತೆಳ್ಳಗಿನ ಕತ್ತು, ಅಗಲ ರೆಕ್ಕೆ, ಬಾಲದಲ್ಲಿ ದಪ್ಪ ಕಪ್ಪು ಪಟ್ಟಿ. ತೋಟದ ಮೇಲೆ ಜಾಸ್ತಿ ಕಾಣುವ ಸರ್ಪ ಹದ್ದು ಜೋರಾಗಿ ಸಿಳ್ಳೆ ಹಾಕುತ್ತದೆ, ರೆಕ್ಕೆಯ ಅಂಚಿಗೆ ಬಿಳಿ ಪಟ್ಟಿ ಇರುತ್ತದೆ. ಅದು ಬಂದರೆ ಕೊಯ್ಲು ನಿಲ್ಲಿಸುವ ಅಗತ್ಯವೇ ಇಲ್ಲ. ಜೇನುಗಿಡುಗ ಹೆಚ್ಚಾಗಿ ಮೌನಿ.

ಇಂಗ್ಲಿಷಿನಲ್ಲಿ ಇದನ್ನೂ ಬಜಾರ್ಡ್ ಅಂತಲೇ ಕರೆಯುತ್ತಾರೆ, ಆದರೆ ಬಜಾರ್ಡ್‌ಗಳೆಲ್ಲ ಜೇನಿಗೆ ಬರುವುದಿಲ್ಲ. ಕಡೂರು, ಅರಸೀಕೆರೆಯ ಬಯಲಲ್ಲಿ ಕರೆಂಟ್ ಕಂಬದ ಮೇಲೆ ಕೂರುವ ಬಿಳಿಗಣ್ಣಿನ ಗಿಡುಗಕ್ಕೆ ಮಿಡತೆ, ಹಲ್ಲಿ, ಇಲಿ ಸಾಕು. ಬಿಳಿ ಗಂಟಲಿನ ನಡುವೆ ಒಂದು ಕಪ್ಪು ಗೆರೆ ಅದರ ಗುರುತು. ಚಳಿಗಾಲಕ್ಕೆ ಉತ್ತರದಿಂದ ಬರುವ ಉದ್ದಗಾಲಿನ ಬಜಾರ್ಡ್‌ದೂ ಬಯಲಿನ ಬೇಟೆಯೇ.

ಈಗ ನಮ್ಮಲ್ಲಿ ಪದ್ಧತಿ ಹೀಗಿದೆ. ಹೆಜ್ಜೇನಿನ ಮರಗಳಿಗೆ ಸುಣ್ಣದ ಗುರುತು ಹಾಕಿದ್ದೇವೆ. ಗಿಡುಗ ಕಂಡ ಮೇಸ್ತ್ರಿ ಉದ್ದ ಸೀಟಿ ಊದುತ್ತಾನೆ. ಅಸ್ಸಾಂನಿಂದ ಬಂದ ಹುಡುಗರಿಗೂ ಅರ್ಥವಾಗಲಿ ಅಂತ ಸೀಟಿಯನ್ನೇ ಇಟ್ಟಿದ್ದು. ಕೇಳಿದ ಕೂಡಲೇ ಚೀಲ ಅಲ್ಲೇ ಬಿಟ್ಟು, ಮುಖಕ್ಕೆ ಬಟ್ಟೆ ಸುತ್ತಿ, ನೇರ ಶೆಡ್ಡಿಗೆ. ಕೈ ಬೀಸಬಾರದು. ಚುಚ್ಚಿದ್ದರೆ ಕೊಂಡಿಯನ್ನು ಉಗುರಲ್ಲಿ ಬೇಗ ಕೆರೆದು ತೆಗೆಯಬೇಕು. ತುಂಬ ಕಡೆ ಚುಚ್ಚಿದ್ದರೂ, ಉಸಿರು ಕಟ್ಟಿದರೂ ಆಸ್ಪತ್ರೆಗೆ ಜೀಪು ತಕ್ಷಣ ಹೊರಡಬೇಕು.

ಎರಿಗೆ ಬೆಂಕಿ ಹಿಡಿಸಿ, ಹಕ್ಕಿಗೆ ಕಲ್ಲು ಹೊಡೆಯಿರಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಜೇನಿನ ಮಾತಂತೂ ಸರಳ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಆ ಪರಾಗ ಹೊತ್ತು ತಿರುಗುವುದರಲ್ಲಿ ಹೆಜ್ಜೇನಿನ ಪಾಲು ದೊಡ್ಡದು. ಅರ್ಧ ದಿನದ ಕೊಯ್ಲು ನಾಳೆಯೂ ಆಗುತ್ತದೆ ಅಂತ ಮಾಲೀಕರಿಗೆ ಹೇಳಿದ್ದೇನೆ, ಅವರೂ ಹೂಂ ಅಂದಿದ್ದಾರೆ.