ರಾಜಿ ಆದ ಮೇಲೂ

ಅಮ್ಮನ ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿಗೆ ಹಾಕಿದ ಆಸ್ಪತ್ರೆ ಜೊತೆ ಹೋದ ವರ್ಷ ರಾಜಿ ಆಯಿತು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಧೈರ್ಯದಲ್ಲೇ ಗ್ರಾಹಕರ ಆಯೋಗಕ್ಕೆ ಮೂರು ವರ್ಷ ಅಲೆದಿದ್ದೆ. ವಕೀಲರು ‘ಸಹಿ ಹಾಕಿ’ ಅಂದರು, ಹಾಕಿದೆ.

ನಿನ್ನೆ ನೋಡಿದರೆ ನನ್ನ ಮೇಲೇ ದಾವೆ! ಈ ವಿಷಯ ಹೊರಗೆ ಮಾತಾಡಬಾರದು ಅಂತ ರಾಜಿ ಪತ್ರದಲ್ಲಿ ಇತ್ತಂತೆ. ನಾನು ಓದಿದ್ದು ದುಡ್ಡಿನ ಸಾಲು ಮಾತ್ರ. ಮಾತಾಡಿದ್ದಾದರೂ ಎಲ್ಲಿ? ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ. ಯಾರು ಕೇಳಿಸಿಕೊಂಡರೋ! ಕೊಟ್ಟ ಪರಿಹಾರ ವಾಪಸ್ ಬೇಕಂತೆ. (ಇಲ್ಲಿ ಹೆಸರು ಹಾಕಿಲ್ಲ, ಅಷ್ಟು ಬುದ್ಧಿ ಬಂದಿದೆ.)

ಅಮ್ಮ ಸುಮ್ನೆ ನಗುತ್ತಾಳೆ. ‘ಸದ್ಯ, ಆ ಬಟ್ಟೆ ವಾಪಸ್ ಕೇಳಲಿಲ್ಲ ಅಲ್ವಾ?’